ಕೂಗು ಕೇಳಿ ಬಂದವನು

ಮಾರುಕಟ್ಟೆಯಲ್ಲಿ ಅವನನ್ನು ಹೆತ್ತವರಿಟ್ಟ ಹೆಸರಿನಿಂದ ಕರೆದವರು ಒಬ್ಬರೂ ಇರಲಿಲ್ಲ. ಎಲ್ಲರಿಗೂ ಅವನು ನಗಾರಿ. ಬೆಳಕು ಹರಿಯುವ ಮೊದಲು ಸಗಟು ಅಂಗಳದಲ್ಲಿ ತರಕಾರಿ ಮೂಟೆಗಳ ಹರಾಜು ಕೂಗುವುದು, ಬಿಸಿಲೇರಿದ ಮೇಲೆ ಪಾತ್ರೆ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಅದರ ಮೇಲೆ ನಿಂತು ಗಿರಾಕಿಗಳನ್ನು ಕರೆಯುವುದು, ಇದೇ ಅವನ ಕಸುಬು. ಅವನು ಬಾಯಿ ತೆರೆದರೆ ಆಚೆ ಬೀದಿಯ ಪಾರಿವಾಳಗಳು ಹಾರಿಹೋಗುತ್ತವೆ ಎಂದು ಪಾತ್ರೆ ಅಂಗಡಿಯ ಸಾಹುಕಾರ ನಗುತ್ತಿದ್ದ. ನಗಾರಿಗೂ ಆ ಮಾತು ಕೇಳಿದಾಗಲೆಲ್ಲ ಎದೆ ಉಬ್ಬುತ್ತಿತ್ತು. ಓದಿದವನಲ್ಲ, ಮೈಯಲ್ಲಿ ಹೇಳಿಕೊಳ್ಳುವಂಥ ಕಸುವಿಲ್ಲ, ಕುಳ್ಳ ಬೇರೆ. ಇದ್ದದ್ದು ಒಂದು ಗಂಟಲು. ಆ ಗಂಟಲಿಗೆ ಜನ ತಿರುಗಿ ನೋಡುತ್ತಿದ್ದರು.

ಹೆಂಡತಿ ಅವನಿಗೆ ತದ್ವಿರುದ್ಧ. ಬಾಯಿ ಸತ್ತವಳು ಎಂದೇ ನೆಂಟರಲ್ಲಿ ಹೆಸರು ಪಡೆದವಳು. ಹಾಸಿಗೆ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂತು ದಿಂಬಿನ ಗವಸು ಹೊಲಿಯುತ್ತಿದ್ದಳು. ಸಂಜೆ ಮನೆಗೆ ಬಂದಾಗ ಕೂದಲಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡಿರುತ್ತಿದ್ದವು. ಮಕ್ಕಳಿಲ್ಲದ ಮನೆ. ಊಟಕ್ಕೆ ಕೂತರೆ ಅವನು ಮಾರುಕಟ್ಟೆಯ ಜಗಳ, ತಮಾಷೆ, ಯಾರು ಯಾರಿಗೆ ಟೋಪಿ ಹಾಕಿದರು ಎಂಬುದನ್ನೆಲ್ಲ ಅಭಿನಯ ಮಾಡಿ ತೋರಿಸುತ್ತಿದ್ದ. ಅವಳು ಹೂಂ ಅನ್ನುತ್ತಿದ್ದಳು, ಕೆಲವೊಮ್ಮೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅಷ್ಟರಲ್ಲಿ ಸಂಸಾರ ನಡೆದಿತ್ತು.

ದನಿ ಒಡೆಯತೊಡಗಿದಾಗ ನಗಾರಿ ಧೂಳಿನ ಮೇಲೆ ತಪ್ಪು ಹೊರಿಸಿದ. ಆಮೇಲೆ ತಣ್ಣೀರಿನ ಮೇಲೆ. ಆಮೇಲೆ ಯಾರೋ ಕಣ್ಣು ಹಾಕಿದ್ದಾರೆ ಎಂದ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದ, ಶುಂಠಿ ಅಗಿದ, ಎರಡು ದಿನ ಪಿಸುಗುಟ್ಟಿಕೊಂಡೇ ಇದ್ದ. ಕೊನೆಗೆ ಉಗುಳಿನಲ್ಲಿ ರಕ್ತ ಕಂಡ ದಿನ ಹೆಂಡತಿ ಅವನ ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ. ಗಂಟಲಲ್ಲಿ ಗಡ್ಡೆ ಬೆಳೆದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಕುತ್ತಿಗೆಯಲ್ಲಿ ಒಂದು ತೂತು ಮಾಡುತ್ತೇವೆ, ಇನ್ನು ಮೇಲೆ ಉಸಿರಾಟ ಅದರಲ್ಲೇ ಎಂದಳು.

"ತೆಗೆಯೋದಾದ್ರೆ ನನ್ನನ್ನೇ ತೆಗೆದುಬಿಡಿ ಅಮ್ಮಾ," ಎಂದ ನಗಾರಿ ಒಡೆದ ದನಿಯಲ್ಲಿ. "ದನಿ ಇಲ್ಲದ ನಗಾರೀನ ಯಾರು ಮೂಸಿ ನೋಡ್ತಾರೆ? ಇರೋಷ್ಟು ದಿನ ಕೂಗಿ ಸಾಯ್ತೀನಿ, ಬಿಡಿ."

ಎದ್ದು ಹೊರಟೇಬಿಟ್ಟ. ಆಸ್ಪತ್ರೆಯ ಮೆಟ್ಟಿಲಲ್ಲಿ ಹೆಂಡತಿ ದಾರಿಗೆ ಅಡ್ಡ ನಿಂತಳು. ಬಾಯಿ ಸತ್ತವಳಿಗೆ ಆವತ್ತು ಎಲ್ಲಿಂದ ಬಂತೋ ಮಾತು!

"ರೀ, ಮದುವೆಯಾದಾಗಿನಿಂದ ನಿಮ್ಮ ಹತ್ರ ನಾನು ಏನೂ ಕೇಳಿಲ್ಲ. ಕೇಳಿದ್ದೀನಾ? ಹೇಳಿ. ಈಗ ಇದೊಂದು ಕೇಳ್ತೀನಿ. ಕೊಯ್ಸಿಕೊಳ್ಳಿ. ಇಲ್ಲಾಂದ್ರೆ ನಾನು ಈ ಮೆಟ್ಟಿಲು ಬಿಟ್ಟು ಕದಲೋದಿಲ್ಲ."

ಹೋಗಿ ಬರುವವರೆಲ್ಲ ನೋಡುತ್ತಿದ್ದರು. ಆವತ್ತು ಸೋತವನು ನಗಾರಿ. ಆದರೆ ಸೋಲನ್ನು ನುಂಗಿಕೊಳ್ಳಲಿಲ್ಲ, ಗಂಟು ಕಟ್ಟಿ ಇಟ್ಟುಕೊಂಡ.

ಆಪರೇಷನ್ ಮುಗಿದು ಮನೆಗೆ ಮರಳಿದ ಮೇಲೆ ಆ ಗಂಟು ಒಂದೊಂದಾಗಿ ಬಿಚ್ಚಿಕೊಂಡಿತು. ಕುತ್ತಿಗೆಯ ತೂತಿನ ಮೇಲೆ ಅವಳು ದಿಂಬಿನ ಗವಸಿನ ಬಟ್ಟೆಯಲ್ಲೇ ಹೊಲಿದುಕೊಟ್ಟ ಪಟ್ಟಿ. ಕೆಮ್ಮು ಬಂದರೆ ಬಾಯಿಂದಲ್ಲ, ಅಲ್ಲಿಂದ. ಬಿಸಿ ಚಹಾ ಊದಿ ಆರಿಸಲು ಬಾಯಲ್ಲಿ ಗಾಳಿಯಿಲ್ಲ. ಮೂಗು ಇದ್ದ ಜಾಗದಲ್ಲೇ ಇತ್ತು, ಆದರೆ ಉಸಿರು ಅತ್ತ ಹೋಗುತ್ತಿರಲಿಲ್ಲವಾಗಿ ವಾಸನೆಯೂ ಇಲ್ಲ. ಒಗ್ಗರಣೆ ಸೀದು ಮನೆಯೆಲ್ಲ ಹೊಗೆ ತುಂಬಿದ ದಿನ ಅವನು ಒಲೆಯ ಪಕ್ಕದಲ್ಲೇ ಕೂತಿದ್ದ. ಕಣ್ಣು ಉರಿದ ಮೇಲೆಯೇ ಗೊತ್ತಾದದ್ದು. ಆಸ್ಪತ್ರೆಯ ನರ್ಸು ಹೊಟ್ಟೆಗೆ ಗಾಳಿ ನುಂಗಿ ತೇಗಿನಂತೆ ಮಾತು ಹೊರಡಿಸುವುದನ್ನು ಕಲಿಸಲು ನೋಡಿದಳು. ಒಂದೆರಡು ಸಲ ಪ್ರಯತ್ನಿಸಿದ. ಹೊರಟ ಸದ್ದು ತನ್ನ ಕಿವಿಗೇ ಅಸಹ್ಯವಾಗಿ, ಕೈಮುಗಿದು ಎದ್ದು ಬಂದ.

ಹೆಂಡತಿಯನ್ನು ಕರೆಯಬೇಕಾದರೆ ಸ್ಟೀಲಿನ ಲೋಟವನ್ನು ನೆಲಕ್ಕೆ ಕುಟ್ಟುತ್ತಿದ್ದ. ಮೊದಮೊದಲು ಮೆಲ್ಲಗೆ. ದಿನ ಕಳೆದಂತೆ ಅದು ಬೈಗುಳವಾಯಿತು. ಅನ್ನ ಮೆತ್ತಗಾಯಿತೋ, ಕುಟ್ಟು. ಪಟ್ಟಿ ತೊಳೆಯುವುದು ತಡವಾಯಿತೋ, ಕುಟ್ಟು. ಲೋಟ ನೆಗ್ಗಿ ನೆಗ್ಗಿ ನೀರು ಹಾಕಿದರೆ ವಾಲಿಕೊಂಡು ನಿಲ್ಲುತ್ತಿತ್ತು. ಅವಳು ಮಾತ್ರ ಇಬ್ಬರ ಮಾತನ್ನೂ ತಾನೇ ಆಡುವುದನ್ನು ಕಲಿತಿದ್ದಳು. "ಉಪ್ಪು ಕಮ್ಮಿ ಆಯ್ತಾ? ಆಯ್ತು ಅಂತೀರಿ. ತರ್ತೀನಿ ಇರಿ. ಇವತ್ತು ಅಂಗಡೀಲಿ ಏನಾಯ್ತು ಗೊತ್ತಾ? ಗೊತ್ತಿಲ್ಲ ಅಂತೀರಿ. ಹೇಳ್ತೀನಿ ಕೇಳಿ." ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

ಒಂದು ಮಧ್ಯಾಹ್ನ ಅವಳು ಕೆಲಸದಿಂದ ಬೇಗ ಬಂದಾಗ ಅವನು ಒಲೆಯ ಇದ್ದಿಲು ಹಿಡಿದು ಗೋಡೆಯ ಮುಂದೆ ನಿಂತಿದ್ದ. ಗೋಡೆಯ ಮೇಲೆ ಸೊಟ್ಟ ಸೊಟ್ಟ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದ: ಯಾಕೆ ಉಳಿಸಿದೆ?

ಅವಳು ಅದನ್ನು ಕೂಡಿಸಿ ಕೂಡಿಸಿ ಓದಿದಳು. ಚೀಲ ಕೆಳಗಿಟ್ಟಳು.

"ನಿಮಗೋಸ್ಕರ ಅಂದ್ಕೊಂಡ್ರಾ? ಅಲ್ಲ. ನನಗೋಸ್ಕರ. ಸಾಕಾ?" ಎಂದಳು. ಒದ್ದೆ ಬಟ್ಟೆ ತಂದು ಗೋಡೆ ಒರೆಸತೊಡಗಿದಳು. ಒರೆಸಿದಷ್ಟೂ ಕಪ್ಪು ಹರಡಿತು.

ಅವನು ಸಾವಿನ ಬಗ್ಗೆ ಯೋಚಿಸುತ್ತಿದ್ದುದು ಅವಳಿಗೂ ಗೊತ್ತಿತ್ತು. ಕೆಲಸಕ್ಕೆ ಹೋಗುವಾಗ ಅಡುಗೆಮನೆಯ ಚಾಕುವನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಒಂದು ದಿನ ಅವನು ಅದನ್ನು ಕಂಡ. ಕಂಡು, ತನ್ನ ಮನೆಯಲ್ಲಿ ತಾನೇ ಕಳ್ಳನಾದಂತೆ ಕುಸಿದು ಕೂತ. ಆವತ್ತು ಲೋಟ ಕುಟ್ಟಲಿಲ್ಲ. ಕುಟ್ಟದ ದಿನ ಅವಳಿಗೆ ಇನ್ನೂ ಹೆಚ್ಚು ಭಯ.

ಆ ದಿನಗಳಲ್ಲೇ ಮೇಲಿನ ಮಹಡಿಯ ನಲ್ಲಿ ರಿಪೇರಿಯವನು ಒಂದು ಮಧ್ಯಾಹ್ನ ಮೆಟ್ಟಿಲು ಹತ್ತುತ್ತಾ ತೆರೆದ ಬಾಗಿಲಲ್ಲಿ ಇಣುಕಿದ. ಒಳ್ಳೆಯವನು, ಆದರೆ ನಾಲಿಗೆಗೆ ಲಗಾಮಿಲ್ಲದವನು.

"ಅಣ್ಣಾ, ನೀವು ಇಲ್ಲೇ ಕೂತಿದ್ದೀರಾ! ಈಗ ತಾನೇ ಮಾರುಕಟ್ಟೇಲಿ ನಿಮ್ಮ ಕೂಗು ಕೇಳಿಕೊಂಡು ಬಂದೆ. ಪಾತ್ರೆ ಅಂಗಡಿಯೋರು ಸ್ಪೀಕರ್ ಹಾಕ್ಬಿಟ್ಟಿದ್ದಾರೆ. ಥೇಟ್ ನೀವೇ! ಒಂದು ಕ್ಷಣ ಎದೆ ಧಸಕ್ಕಂತು ನೋಡಿ."

ನಗಾರಿಗೆ ನೆನಪಾಯಿತು. ದನಿ ಆಗೊಮ್ಮೆ ಈಗೊಮ್ಮೆ ಕೈಕೊಡತೊಡಗಿದ್ದ ದಿನಗಳಲ್ಲಿ ಸಾಹುಕಾರ ಮೊಬೈಲನ್ನು ಅವನ ಬಾಯಿಯ ಮುಂದೆ ಹಿಡಿದು, "ಎಲ್ಲಿ, ಒಂದ್ಸಲ ಚೆನ್ನಾಗಿ ಕೂಗು. ನೀನು ರಜಾ ಹಾಕಿದ ದಿನಕ್ಕೆ ಇರಲಿ," ಎಂದಿದ್ದ. ಅವನೂ ಜಂಭದಿಂದ ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದ್ದ.

ನಲ್ಲಿಯವನು ಮೇಲೆ ಹೋದ. ನಗಾರಿ ಎದ್ದು ನಿಂತ. ತನ್ನನ್ನು ಕೊಯ್ದು ಬಿಸಾಕಿದ್ದಾರೆ, ತನ್ನದೇ ದನಿಯನ್ನು ಮೊಳೆ ಹೊಡೆದು ನೇತುಹಾಕಿದ್ದಾರೆ! ಬದುಕಿರುವವನು ಹೆಣದಂತೆ ಮೂಲೆಯಲ್ಲಿ ಬಿದ್ದಿದ್ದಾನೆ, ಸತ್ತದ್ದು ಬಜಾರಿನಲ್ಲಿ ಜೋರಾಗಿ ವ್ಯಾಪಾರ ಮಾಡುತ್ತಿದೆ! ಮಂಚದ ಕೆಳಗಿನ ಪೆಟ್ಟಿಗೆಯಿಂದ ಸುತ್ತಿಗೆ ತೆಗೆದು ಬಟ್ಟೆ ಚೀಲಕ್ಕೆ ಹಾಕಿಕೊಂಡ. ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೆ ಹಾಕಿ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಒಬ್ಬನೇ ಹೊಸ್ತಿಲು ದಾಟಿದ.

ಮಾರುಕಟ್ಟೆ ತುಂಬಿ ತುಳುಕುವ ಹೊತ್ತು. ಕೈಗಾಡಿಗಳು, ತಲೆಹೊರೆಗಳು, ಕೊಂಕಳಲ್ಲಿ ಮಗು ಸಿಕ್ಕಿಸಿಕೊಂಡು ಚೌಕಾಸಿ ಮಾಡುವ ಹೆಂಗಸರು, ದಾರಿ ಬಿಡಿ ದಾರಿ ಬಿಡಿ ಎನ್ನುವ ಹಮಾಲರು. ಜನರ ನೂಕುನುಗ್ಗಲಿನಲ್ಲಿ ಕುತ್ತಿಗೆಗೆ ಯಾರ ಮೊಣಕೈಯಾದರೂ ತಗುಲೀತೆಂದು ಒಂದು ಕೈಯಲ್ಲಿ ಗಂಟಲು ಮುಚ್ಚಿಕೊಂಡು, ಇನ್ನೊಂದರಲ್ಲಿ ಚೀಲ ಅವುಚಿಕೊಂಡು ನಡೆದ. ಕೊತ್ತಂಬರಿಯ ರಾಶಿ ದಾಟಿದ, ಕೊಳೆತ ಕೋಸಿನ ತಿಪ್ಪೆ ದಾಟಿದ. ಯಾವುದಕ್ಕೂ ವಾಸನೆಯಿಲ್ಲ. ಗಾಜಿನಾಚೆ ನಿಂತು ನೋಡಿದಂತಿತ್ತು. ಅವನನ್ನು ಹೆಗಲು ತಟ್ಟಿ ಮಾತಾಡಿಸುತ್ತಿದ್ದವರೇ ಎದುರಿಗೆ ಬಂದು ಗುರುತು ಹತ್ತದೆ ಸರಿದುಹೋದರು. ದನಿ ಕೇಳಿ ಗುರುತಿಟ್ಟುಕೊಂಡವರಿಗೆ ಮುಖ ಎಲ್ಲಿ ನೆನಪಿರುತ್ತದೆ?

ತಿರುವಿನಲ್ಲಿ ಅದು ಕೇಳಿಸಿತು.

"ಬನ್ನಿ ಅಕ್ಕಾ ಬನ್ನಿ, ಬನ್ನಿ ತಾಯಿ ಬನ್ನಿ! ತಗೊಳ್ಳೋದು ಆಮೇಲೆ, ಮೊದಲು ನೋಡಿ! ನೋಡಿದ್ರೆ ಪಾತ್ರೆ ಸವೆಯಲ್ಲ, ನಿಮ್ಮ ಕಣ್ಣೂ ಸವೆಯಲ್ಲ! ಸುಮ್ನೆ ಬಂದು ಸಂತೋಷವಾಗಿ ನೋಡ್ಕೊಂಡು ಹೋಗಿ!"

ನಗಾರಿ ನಿಂತುಬಿಟ್ಟ. ಇಷ್ಟು ಚೆನ್ನಾಗಿತ್ತೇ? ಅವನೆಂದೂ ಹೊರಗೆ ನಿಂತು ಅದನ್ನು ಕೇಳಿದವನಲ್ಲ. ಅದು ತಲೆಯೊಳಗಿನಿಂದ ಕೇಳಿಸುತ್ತಿದ್ದ ಸದ್ದಾಗಿತ್ತು. ಈಗ ಎದುರಿನಿಂದ, ಮೇಲಿನಿಂದ, ತುಂಬು ದನಿಯ ಗಂಡಸೊಬ್ಬ ಕರೆಯುತ್ತಿದ್ದ. ದಾಟಿ ಹೋಗುತ್ತಿದ್ದ ಹೆಂಗಸೊಬ್ಬಳು ನಕ್ಕು ತಿರುಗಿ ಅಂಗಡಿಯೊಳಕ್ಕೆ ಕಣ್ಣು ಹಾಯಿಸಿದಳು. ಮತ್ತೆ ಅದೇ ಮಾತು, ಅದೇ ಏರಿಳಿತ. ಮತ್ತೆ ಅದೇ. ಸ್ಪೀಕರು ಅಂಗಡಿಯ ಹೆಸರಿನ ಫಲಕದ ಮೇಲೆ ಎತ್ತರದಲ್ಲಿ ತೂಗುತ್ತಿತ್ತು. ಏಣಿಯಿಲ್ಲದೆ ಕೈಗೆ ಸಿಗುವುದಲ್ಲ. ನಗಾರಿ ಚೀಲದೊಳಗೆ ಸುತ್ತಿಗೆಯ ಹಿಡಿ ಬಿಗಿಹಿಡಿದು ಮೇಲೆ ನೋಡುತ್ತಾ ನಿಂತ. ಕಣ್ಣಲ್ಲಿ ನೀರು ಬಂತು, ಕುತ್ತಿಗೆಯಿಂದ ಸೀಟಿಯಂಥ ಉಸಿರು ಹೊರಟಿತು.

"ಯಾರದು, ದಾರಿಗಡ್ಡ?" ಎಂದು ಎದುರಿನ ಕಟ್ಟೆಯ ಸೊಪ್ಪಿನಜ್ಜಿ ಗದರಿದಳು. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದಳು. "ಅಯ್ಯೋ, ನಗಾರಿ! ಬಾರಪ್ಪಾ, ಬಾ. ಕೂತ್ಕೋ ಇಲ್ಲಿ."

ಅವನ ತೋಳು ಹಿಡಿದೆಳೆದು ಗೋಣಿತಾಟಿನ ಮೇಲೆ ಕೂರಿಸಿದಳು. ಅವನು ಗಂಟಲು ಮುಟ್ಟಿ, ಕೈಯಾಡಿಸಿ, ಮಾತಿಲ್ಲ ಎಂದು ತೋರಿಸಿದ.

"ಗೊತ್ತು ಬಿಡಪ್ಪಾ. ಎಲ್ಲ ಗೊತ್ತು. ಮಾತಾಡೋಕೆ ನಾನಿಲ್ವಾ?" ಅವಳು ಮೆಂತ್ಯದ ಕಟ್ಟುಗಳಿಗೆ ನೀರು ಚಿಮುಕಿಸುತ್ತಲೇ ಹೇಳಿದಳು. "ಆ ಡಬ್ಬಾ ನೋಡಿ ಸಿಟ್ಟು ಬಂತಾ? ನನಗೂ ಬರುತ್ತೆ. ನೀನಾದ್ರೆ ನಡುವೆ ಕೆಮ್ಮುತ್ತಿದ್ದೆ, ಯಾರಿಗಾದ್ರೂ ಬೈತಿದ್ದೆ, ನನ್ನ ಸೊಪ್ಪು ಬಾಡಿದೆ ಅಂತ ಕಾಲೆಳೀತಿದ್ದೆ. ಅದು ಹೇಳಿದ್ದೇ ಹೇಳುತ್ತೆ. ಒಂದಿನ ನಾನೇ ಅದಕ್ಕೆ ಕಲ್ಲು ಹೊಡೀತಿದ್ದೆ, ನಿನ್ನ ಹೆಂಡ್ತಿ ಮುಖ ನೋಡಿ ಸುಮ್ಮನಾದೆ."

ನಗಾರಿ ತಟ್ಟನೆ ತಲೆಯೆತ್ತಿದ.

"ಗೊತ್ತಿಲ್ವಾ ನಿನಗೆ? ಕೆಲಸ ಮುಗಿಸಿ ದಿನಾ ಬರ್ತಾಳೆ. ನೀನು ಕೂತಿದ್ದೀಯಲ್ಲ, ಅಲ್ಲೇ ಕೂರ್ತಾಳೆ. ಒಂದು ಕಟ್ಟು ಸೊಪ್ಪು ತಗೊಳ್ಳಲ್ಲ ಮಹಾತಾಯಿ! ಒಂದಷ್ಟು ಹೊತ್ತು ಅದನ್ನ ಕೇಳ್ತಾಳೆ, ಆಮೇಲೆ ಹೀಗೆ ಒಂದು ಸುತ್ತು ಹಾಕಿ, ಅದು ಇದು ನೋಡಿ, ನಗ್ತಾ ನಗ್ತಾ ಮನೆಗೆ ಹೋಗ್ತಾಳೆ. ಸಾಹುಕಾರ ಬೇರೆ ಕೂಗು ಹಾಕಿಸ್ತೀನಿ ಅಂದಾಗ ಕೈಮುಗಿದು ಬೇಡ ಅಂದವಳೂ ಅವಳೇ."

ನಗ್ತಾ ನಗ್ತಾ. ಅವಳು ಮನೆಗೆ ನಗುತ್ತಾ ಬಂದದ್ದನ್ನು ಅವನು ನೋಡಿರಲಿಲ್ಲ. ಬಾಗಿಲ ಹತ್ತಿರ ಬರುವ ಹೊತ್ತಿಗೆ ಅದನ್ನು ಒರೆಸಿಕೊಂಡು ಒಳಗೆ ಬರುತ್ತಿದ್ದಳೇನೋ.

ಅವನು ಎದ್ದು ಹೋಗಲಿಲ್ಲ. ಅಜ್ಜಿಯ ಹಿಂದೆ, ಖಾಲಿ ಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದ ಕಡೆ ಸರಿದು ಕೂತ. ಬಿಸಿಲು ಇಳಿಯುತ್ತಾ ಬಂತು. ಅವನದೇ ದನಿ ತಲೆಯ ಮೇಲೆ ಬಡಿದುಕೊಳ್ಳುತ್ತಲೇ ಇತ್ತು. ಕೊನೆಗೆ ಜನರ ನಡುವೆ ಹೆಂಡತಿ ಕಂಡಳು. ಕೂದಲಲ್ಲಿ ಹತ್ತಿ, ಕೈಯಲ್ಲಿ ಅದೇ ಚಾಕುವಿನ ಚೀಲ. ಬಂದವಳು ಅಜ್ಜಿಗೆ ತಲೆಯಾಡಿಸಿ ಗೋಣಿಯ ಮೇಲೆ ಕುಕ್ಕರಿಸಿದಳು. ಕಣ್ಣು ಮುಚ್ಚಿದಳು. ಬನ್ನಿ ಅಕ್ಕಾ, ಬನ್ನಿ ತಾಯಿ. ಅವಳ ಮುಖದ ಬಿಗಿತ ಒಂದೊಂದೇ ಗಂಟು ಸಡಿಲಿದಂತೆ ಸಡಿಲಿತು. ಊಟದ ಹೊತ್ತಿನಲ್ಲಿ ಅವನ ಅಭಿನಯ ನೋಡಿ ನಗುತ್ತಿದ್ದಾಗಿನ ಮುಖ ಅದು. ಆ ಮುಖವನ್ನು ನೋಡದೆ ಎಷ್ಟು ಕಾಲವಾಗಿತ್ತು! ನಗಾರಿಗೆ ಹೊಟ್ಟೆಕಿಚ್ಚಾಯಿತು. ತನ್ನ ಮೇಲೆ ತನಗೇ ಹೊಟ್ಟೆಕಿಚ್ಚು.

ಅವನು ಬುಟ್ಟಿಗಳ ಹಿಂದಿನಿಂದ ಬಂದು ಪಕ್ಕದಲ್ಲಿ ಕೂತ. ಅವಳು ಕಣ್ಣು ಬಿಟ್ಟವಳೇ ಬೆಚ್ಚಿ ಎದ್ದು ನಿಂತಳು. ಮೊದಲು ಅವನ ಮುಖ, ಆಮೇಲೆ ಚೀಲದ ಬಾಯಲ್ಲಿ ಕಂಡ ಸುತ್ತಿಗೆ.

"ಇದು ಯಾಕೆ?"

ಅವನು ಸ್ಪೀಕರಿನ ಕಡೆ ಬೆರಳು ತೋರಿಸಿದ.

ಅವಳು ತಲೆಯೆತ್ತಿ ಸ್ಪೀಕರನ್ನು ನೋಡಿದಳು. ಸೊಪ್ಪಿನಜ್ಜಿ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು.

"ಒಡೀರಿ," ಎಂದಳು ಹೆಂಡತಿ. "ನಿಮ್ಮದು, ನೀವೇ ಒಡೀರಿ. ಏಣಿ ನಾನೇ ಹಿಡ್ಕೋತೀನಿ. ಆದ್ರೆ ಒಂದು ಮಾತು. ಮನೇಲಿರೋರು ನನ್ನ ಕರೆಯೋದೇ ಇಲ್ಲ. ಕುಟ್ತಾರೆ. ನಾನು ಕೊಯ್ಸಿದ್ದು ನಿಮ್ಮ ಗಂಟಲು ಅಂದ್ಕೊಂಡಿದ್ದೆ. ಅದರ ಜೊತೆ ನೀವೂ ಹೋಗ್ತೀರಿ ಅಂತ ಯಾರೂ ಹೇಳಿರಲಿಲ್ಲ. ಇಲ್ಲಿ ಬಂದ್ರೆ ಬಾ ಅನ್ನೋ ಒಂದು ದನಿ ಇದೆ. ಅದಕ್ಕೆ ಬರ್ತೀನಿ. ತಪ್ಪಾ?"

ಉತ್ತರ ಕೊಡಲು ಅವನಲ್ಲಿ ಏನಿತ್ತು? ಲೋಟವೂ ಇರಲಿಲ್ಲ. ಸುತ್ತಿಗೆಯನ್ನು ಚೀಲ ಸಮೇತ ಅವಳ ಕೈಗೆ ಕೊಟ್ಟ. ಅವಳು ಅದನ್ನು ಚಾಕುವಿನ ಜೊತೆ ತನ್ನ ಚೀಲಕ್ಕೆ ಸೇರಿಸಿದಳು.

"ಸಂಸಾರ ನಡೆಸ್ತೀರೋ, ಕಮ್ಮಾರನ ಅಂಗಡಿ ಇಡ್ತೀರೋ?" ಎಂದು ಸೊಪ್ಪಿನಜ್ಜಿ ಗೊಣಗಿದಳು. "ಹೋಗಿ, ಒಂದು ಸುತ್ತು ಹಾಕಿ ಬನ್ನಿ. ನನ್ನ ವ್ಯಾಪಾರ ಕೆಡ್ತಾ ಇದೆ."

ಅಷ್ಟು ವರ್ಷ ಆ ಮಾರುಕಟ್ಟೆಯಲ್ಲಿ ಅನ್ನ ದುಡಿದವನು ಅದರೊಳಗೆ ಸುಮ್ಮನೆ ನಡೆದಿರಲೇ ಇಲ್ಲ. ಹರಾಜಿನಲ್ಲಿ ಕಾಣುತ್ತಿದ್ದುದು ಎತ್ತಿದ ಕೈಗಳು, ಸ್ಟೂಲಿನ ಮೇಲಿಂದ ಕಾಣುತ್ತಿದ್ದುದು ನೆತ್ತಿಗಳು. ಅವಳು ಮುಂದೆ, ಅವನು ಹಿಂದೆ. ಅವಳಿಗೆ ಅವಳದೇ ದಾರಿಯೊಂದಿತ್ತು. ಹಗ್ಗದ ಅಂಗಡಿಯಲ್ಲಿ ಹೊಸ ಹಗ್ಗದ ಸುರುಳಿಯನ್ನು ಅಂಗೈಯಿಂದ ಸವರಿದಳು. ಬೀಗದ ಅಂಗಡಿಯವನನ್ನು ಅತಿ ದೊಡ್ಡ ಬೀಗದ ಬೆಲೆ ಕೇಳಿದಳು. ಅವನು, "ನಿನ್ನೆ ಹೇಳಿದ್ದೇ ಇವತ್ತೂ ಅಕ್ಕಾ," ಎಂದು ನಕ್ಕ. ಕನ್ನಡಿ ಅಂಗಡಿಯ ಮುಂದೆ ಸಾಲು ಕನ್ನಡಿಗಳಲ್ಲಿ ಇಬ್ಬರೂ ಹತ್ತಾರು ಜನರಾಗಿ ಕಂಡರು. ನಗಾರಿ ಪಟ್ಟಿ ಕಟ್ಟಿದ ಕುತ್ತಿಗೆಯನ್ನು ಮೊದಲ ಸಲ ನೆಟ್ಟಗೆ ನೋಡಿಕೊಂಡ. ಏನಾದರೂ ಕೊಳ್ಳಿ ಎಂದು ಯಾರೂ ಒತ್ತಾಯಿಸಲಿಲ್ಲ. ಹಿಂದೆ ಹೀಗೆ ಕೊಳ್ಳದೆ ನೋಡಿಕೊಂಡು ಹೋಗುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಬಿಟ್ಟಿ ಗಿರಾಕಿಗಳು ಎಂದು ಹಲ್ಲು ಕಡಿಯುತ್ತಿದ್ದ.

ನಿಂಬೆಹಣ್ಣಿನ ರಾಶಿಯ ಹತ್ತಿರ ಅವಳು ಒಂದು ಹಣ್ಣು ಎತ್ತಿ ಉಗುರಿನಿಂದ ಗೀರಿ, ಅಭ್ಯಾಸಬಲದಿಂದ ಅವನ ಮೂಗಿಗೆ ಹಿಡಿದಳು. ಅವನು ತಲೆಯಲ್ಲಾಡಿಸಿದ. ಅವಳ ಮುಖ ಪೆಚ್ಚಾಯಿತು. ಮರುಕ್ಷಣ ಏನು ತೋಚಿತೋ, ಕುತ್ತಿಗೆಯ ಪಟ್ಟಿ ಸ್ವಲ್ಪ ಸರಿಸಿ ಹಣ್ಣನ್ನು ತೂತಿನ ಮುಂದೆ ಹಿಡಿದಳು.

"ಮೂಗು ಈಗ ಇಲ್ಲಿಗೆ ಬಂದಿದೆಯಲ್ಲ! ನೋಡಿ, ಬರುತ್ತಾ?"

ಬರಲಿಲ್ಲ. ಆದರೆ ನಗಾರಿಗೆ ನಗು ಬಂತು. ಸದ್ದಿಲ್ಲದ ನಗು. ಹೊಟ್ಟೆ ಕುಣಿಯಿತು, ಭುಜ ಕುಣಿದವು, ಕುತ್ತಿಗೆಯಿಂದ ಪುಸ್ ಪುಸ್ ಗಾಳಿ ಹೊರಟು ಅದು ಕೆಮ್ಮಾಗಿ, ಕಣ್ಣಲ್ಲಿ ನೀರು ತುಂಬಿತು. ಅವಳು ಗಾಬರಿಯಾಗಿ ಬೆನ್ನು ನೀವಿದಳು, ನೀವುತ್ತಾ ತಾನೂ ನಕ್ಕಳು. ಹಣ್ಣಿನವಳು, "ಗೀರಿದ ಹಣ್ಣು ಯಾರಿಗೆ ಮಾರಲಿ?" ಎಂದು ಬೈದು, ಹೋಗಲಿ ಎಂದು ಬಿಟ್ಟಳು. ಮನೆಗೆ ಬಂದಾಗ ಇಬ್ಬರ ಕೈಯಲ್ಲೂ ಕೊಂಡದ್ದು ಏನೂ ಇರಲಿಲ್ಲ. ನಗಾರಿಗೆ ಮಾತ್ರ ಹೊಟ್ಟೆ ತುಂಬ ಉಂಡು ಎದ್ದಂತಿತ್ತು.

ಅಲ್ಲಿಂದ ಎಲ್ಲ ನೆಟ್ಟಗಾಯಿತು ಎಂದರೆ ಸುಳ್ಳಾಗುತ್ತದೆ. ಗೋಡೆಗೆ ಮುಖ ಮಾಡಿ ಮಲಗುವ ದಿನಗಳು ಆಮೇಲೂ ಬಂದವು. ಹರಾಜಿನ ಅಂಗಳದಲ್ಲಿ ಮೂಟೆಗಳಿಗೆ ಗುರುತು ಹಾಕುವ ಕೆಲಸ ಸಿಕ್ಕಿತು. ಬೇರೆ ಯಾರೋ ಕೂಗುವುದನ್ನು ಕೇಳಿಕೊಂಡು ಬಗ್ಗಿ ಕೆಲಸ ಮಾಡುವಾಗ ಒಳಗೆ ಏನೋ ಹರಿದಂತಾಗುತ್ತಿತ್ತು. ಆದರೆ ಸಂಜೆ ಹೆಂಡತಿ ಬರುವ ಹೊತ್ತಿಗೆ ಸೊಪ್ಪಿನಜ್ಜಿಯ ಗೋಣಿಯ ಮೇಲೆ ಕಾದಿರುತ್ತಿದ್ದ. ಇಬ್ಬರೂ ಅಲ್ಲಿ ಸ್ವಲ್ಪ ಹೊತ್ತು ಕೂತು ಸ್ಪೀಕರಿನ ನಗಾರಿಯನ್ನು ಕೇಳಿ, ಒಂದು ಸುತ್ತು ಹಾಕಿ ಮನೆಗೆ ಹೋಗುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಆ ಸ್ಪೀಕರು ಕೆಟ್ಟಿತು. ಒಳಗಿದ್ದ ಕೂಗೂ ಅಳಿಸಿಹೋಯಿತು, ಸಾಹುಕಾರನ ಹಳೆಯ ಮೊಬೈಲು ಕಳೆದು ಯಾವುದೋ ಕಾಲವಾಗಿತ್ತು. "ಏನು ಮಾಡೋದು ತಾಯಿ, ಇನ್ನೊಂದು ಕಡೆ ಇಟ್ಕೋಬೇಕಿತ್ತು, ಹೊಳೀಲಿಲ್ಲ," ಎಂದು ಅವನು ಕೈ ಹಿಸುಕಿಕೊಂಡ. ಫಲಕದ ಮೇಲಿನ ಹೊಸ ಸ್ಪೀಕರಿನಲ್ಲಿ ಯಾರೋ ಹುಡುಗಿಯ ಚುರುಕು ದನಿ ಬಂತು. ಹೆಂಡತಿ ಆವತ್ತು ಗೋಣಿಯ ಮೇಲೆ ಕೂರಲಿಲ್ಲ, ಸೀದಾ ಮನೆಗೆ ನಡೆದಳು. ಕೆಲವು ದಿನ ಕೆಲಸದಿಂದ ಬೇರೆ ದಾರಿಯಲ್ಲಿ ಬಂದಳು. ಊಟದ ಹೊತ್ತಿನಲ್ಲಿ ಇಬ್ಬರ ಮಾತನ್ನೂ ಆಡುವುದನ್ನು ನಿಲ್ಲಿಸಿದಳು. ಆ ಮನೆಯಲ್ಲಿ ಆಗ ನಿಜವಾಗಿ ಯಾವ ದನಿಯೂ ಉಳಿದಿರಲಿಲ್ಲ.

ಒಂದು ರಜೆಯ ಮಧ್ಯಾಹ್ನ ಅವಳು ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸುತ್ತಾ ಕೂತಿದ್ದಳು. ನಗಾರಿ ಪಟ್ಟಿ ಬದಲಾಯಿಸಿಕೊಂಡ, ತಲೆ ಬಾಚಿಕೊಂಡ. ಮೂಲೆಯಲ್ಲಿದ್ದ ಅವಳ ಚಪ್ಪಲಿಗಳನ್ನು ತಂದು ಅವಳ ಕಾಲ ಬಳಿ ಜೋಡಿಸಿಟ್ಟು, ಬಾಗಿಲಿಗೆ ಒರಗಿ ನಿಂತ.

"ಎಲ್ಲಿಗೆ? ಅಲ್ಲೇನಿದೆ ಈಗ?" ಎಂದಳು.

ಅವನು ಬಾ ಎಂದು ಕೈಬೀಸಿ ಕರೆದ. ಅವಳು ಬಟ್ಟೆ ಬದಿಗಿಟ್ಟು, ನಿಟ್ಟುಸಿರು ಬಿಟ್ಟು, ಚಪ್ಪಲಿ ಮೆಟ್ಟಿದಳು. ಬೀದಿಯ ತುದಿಯವರೆಗೆ ಇಬ್ಬರೂ ಸುಮ್ಮನೆ ನಡೆದರು. ಮಾರುಕಟ್ಟೆಯ ಗದ್ದಲ ಕಿವಿಗೆ ಬಿದ್ದಾಗ ಅವಳು ಅವನ ಅಂಗಿಯ ತೋಳು ಹಿಡಿದುಕೊಂಡಳು, ಜನರ ನಡುವೆ ತಪ್ಪಿಸಿಕೊಳ್ಳದಂತೆ.